ಮೊಬೈಲ್ ಕೇಳಿದ ಪೊಲೀಸರು, ಕಾಗದ ಕೇಳದ ನಾವು

ಪ್ರಶ್ನೆ: ವಕೀಲ್ ಸಾಹೇಬ್ರಿಗೆ ಶರಣು. ನಾನು ಶಹಾಪುರ ತಾಲೂಕಿನ ಹಳ್ಳಿಯೊಂದರಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ. ಮಗ ಕಲಬುರಗಿಯಲ್ಲಿ ಡಿಗ್ರಿ ಓದುತ್ತಾನೆ. ಹೋದ ತಿಂಗಳು ರಾತ್ರಿ ಗೆಳೆಯನ ಜೊತೆ ಬೈಕ್ ಮೇಲೆ ರೂಮಿಗೆ ಹೊರಟಿದ್ದಾಗ ನಾಕಾಬಂದಿಯಲ್ಲಿ ನಿಲ್ಲಿಸಿದರಂತೆ. ಲೈಸೆನ್ಸ್, ಆರ್‌ಸಿ ನೋಡಿದ ಮೇಲೆ ‘ಮೊಬೈಲ್ ಕೊಡು, ಲಾಕ್ ತೆಗಿ’ ಅಂದರು. ಹತ್ತು ನಿಮಿಷ ವಾಟ್ಸ್‌ಆ್ಯಪ್ ಓದಿ, ಫೋಟೊ ನೋಡಿ, ಏನೂ ಹೇಳದೆ ವಾಪಸ್ ಕೊಟ್ಟರು. ಈಗ ಅವನು ಆ ರಸ್ತೆಗೆ ಹೋಗುವುದನ್ನೇ ಬಿಟ್ಟಿದ್ದಾನೆ. ನಮ್ಮ ಮನೆಯವರು ‘ತಪ್ಪು ಮಾಡಿಲ್ಲಾಂದ್ರ ಅಂಜಿಕಿ ಯಾಕ?’ ಅಂತಾರೆ. ಹೀಗೆ ನೋಡಲು ಪೊಲೀಸರಿಗೆ ಅಧಿಕಾರ ಇದೆಯೇ? ಫೋನ್ ಕದ್ದು ಕೇಳುವುದು, ಆ್ಯಪ್ ಕಡ್ಡಾಯ ಮಾಡುವುದು, ದಿನಕ್ಕೊಂದು ಹೊಸ ಕಾಯ್ದೆ, ಇವನ್ನೆಲ್ಲ ಅನುಮಾನದಿಂದ ನೋಡುವುದು ತಪ್ಪೇ? ನಾನು ಸರ್ಕಾರಿ ನೌಕರಳು, ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ಅಕ್ಕೋರೇ, ಶರಣು. ಹೆಸರು ಹಾಕಿಲ್ಲ, ಹಳ್ಳಿಯ ಹೆಸರನ್ನೂ ತೆಗೆದಿದ್ದೇನೆ. ಆದರೆ ನಿಮ್ಮ ಮನೆಯವರ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಇದೆ. ಮಗನ ಮೊಬೈಲಿನ ಬಗ್ಗೆ ಕಾನೂನು ಏನು ಹೇಳುತ್ತದೆ ಎಂದು ಕೇಳಿದ್ದೀರಿ, ಅಷ್ಟೇ. ಯಾವ ತಪ್ಪೂ ಮಾಡಿಲ್ಲ. ಆದರೂ ಅಂಜಿದಿರಿ. ಅಂದಹಾಗೆ, ರಾಜ್ಯ ನೌಕರರ 2021ರ ನಡತೆ ನಿಯಮಗಳು ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದಕ್ಕೆ ಅಡ್ಡ ಬರುತ್ತವೆ. ವಕೀಲರಲ್ಲಿ ಸಲಹೆ ಕೇಳುವುದಕ್ಕೆ ಅಡ್ಡ ಬರುವುದಿಲ್ಲ.

ಮೊದಲು ರಸ್ತೆಯ ವಿಚಾರ ಮುಗಿಸೋಣ. ಸಮವಸ್ತ್ರದಲ್ಲಿರುವ ಪೊಲೀಸರು ಗಾಡಿ ನಿಲ್ಲಿಸಿ ಲೈಸೆನ್ಸ್, ಆರ್‌ಸಿ, ವಿಮೆ ಕೇಳಬಹುದು, ಮೋಟಾರು ವಾಹನ ಕಾಯ್ದೆಯೇ ಆ ಅಧಿಕಾರ ಕೊಟ್ಟಿದೆ. ಮೊಬೈಲ್ ಗಾಡಿಯ ಕಾಗದಪತ್ರವಲ್ಲ. ಗೊಂದಲ ಆಗುವುದು ಕಾಗದಪತ್ರಗಳನ್ನು ಮೊಬೈಲಿನಲ್ಲೇ ಇಡುವ ಸರ್ಕಾರಿ ಆ್ಯಪ್ ಡಿಜಿಲಾಕರ್‌ನಿಂದ. ಹುಡುಗರು ಲೈಸೆನ್ಸ್ ತೋರಿಸಲು ಲಾಕ್ ತೆಗೆದು ಫೋನನ್ನೇ ಕೈಗೆ ಕೊಟ್ಟುಬಿಡುತ್ತಾರೆ. ಆಮೇಲೆ ಬೆರಳು ಎಲ್ಲಿಗೆ ಬೇಕಾದರೂ ಸರಿಯುತ್ತದೆ. ತೋರಿಸಬೇಕು, ಕೈಗೆ ಕೊಡಬಾರದು.

ಮೊಬೈಲ್ ಶೋಧನೆಯ ಬಗ್ಗೆ ನಮ್ಮ ಹೈಕೋರ್ಟಿನದೇ ತೀರ್ಪಿದೆ: ವೀರೇಂದ್ರ ಖನ್ನಾ ಪ್ರಕರಣ, 2021ರ ಮಾರ್ಚ್. ಅದರ ತಿರುಳು ಇಷ್ಟು. ತನಿಖೆ ನಡೆಯುತ್ತಿದ್ದರೆ ಅಧಿಕಾರಿ ಪಾಸ್‌ವರ್ಡ್ ಕೇಳಬಹುದು. ಕೊಡದಿದ್ದರೆ ನ್ಯಾಯಾಲಯಕ್ಕೆ ಹೋಗಿ ಶೋಧನಾ ವಾರಂಟ್ ತರಬೇಕು. ವಾರಂಟ್ ತರುವಷ್ಟು ಸಮಯವಿಲ್ಲದ ತುರ್ತು ಸಂದರ್ಭವಾದರೆ ಕಾರಣವನ್ನು ಬರವಣಿಗೆಯಲ್ಲಿ ಇಡಬೇಕು. ಫೋನಿನಲ್ಲಿ ಸಿಕ್ಕ ಖಾಸಗಿ ವಿಷಯವನ್ನು ಮೂರನೆಯವರಿಗೆ ಹಂಚುವಂತಿಲ್ಲ. ನಮಗೆ ಅನುಕೂಲವಿಲ್ಲದ ಮಾತನ್ನೂ ಅದೇ ತೀರ್ಪು ಹೇಳಿದೆ: ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಆಗುವುದಿಲ್ಲ. ಇದನ್ನು ನಾನು ಒಪ್ಪುವುದಿಲ್ಲ, ಆದರೆ ನಾನು ಒಪ್ಪದಿದ್ದರೆ ತೀರ್ಪೇನೂ ಬದಲಾಗದು. ಇನ್ನು ಜಪ್ತಿ ಮಾಡುವುದಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧನೆ ಮತ್ತು ಜಪ್ತಿಯ ಆಡಿಯೊ–ವಿಡಿಯೊ ಚಿತ್ರೀಕರಣ ಆಗಲೇಬೇಕು.

ನಿಮ್ಮ ಮಗನ ವಿಷಯದಲ್ಲಿ ಪ್ರಕರಣವಿರಲಿಲ್ಲ, ತನಿಖೆಯಿರಲಿಲ್ಲ, ವಾರಂಟಿರಲಿಲ್ಲ, ಬರೆದಿಟ್ಟ ಕಾರಣವೂ ಇದ್ದಂತಿಲ್ಲ. ಆದ್ದರಿಂದ ಆ ಹತ್ತು ನಿಮಿಷದ ಓದಿಗೆ ಕಾನೂನಿನ ಆಸರೆ ನನಗೆ ಕಾಣುತ್ತಿಲ್ಲ. ಇದು ಇಲ್ಲಷ್ಟೇ ನಡೆಯುವ ಸಂಗತಿಯೂ ಅಲ್ಲ. 2021ರಲ್ಲಿ ಹೈದರಾಬಾದಿನ ರಸ್ತೆಗಳಲ್ಲಿ ಪೊಲೀಸರು ಹುಡುಗರ ಬೈಕ್ ನಿಲ್ಲಿಸಿ, ಅವರ ವಾಟ್ಸ್‌ಆ್ಯಪ್‌ನಲ್ಲಿ ‘ಗಾಂಜಾ’ ಎಂಬ ಶಬ್ದ ಹುಡುಕುತ್ತಿದ್ದ ವಿಡಿಯೊ ಎಲ್ಲ ಕಡೆ ಹರಿದಾಡಿತ್ತು. ‘ಗಾಂಜಾ ಮಾರುವವರನ್ನು ಹಿಡಿದರಂತೆ’ ಎಂದು ಅಣ್ಣನಿಗೆ ಸುದ್ದಿ ಕಳಿಸಿದವನ ಫೋನಿನಲ್ಲೂ ಆ ಶಬ್ದ ಇರುತ್ತದೆ.

ನಮ್ಮ ಭಾಗದ ಹಿರಿಯರಿಗೆ ‘ಗಸ್ತಿ ನಿಶಾನ್ 53’ ಗೊತ್ತು. ನಿಜಾಮರ ಕಾಲದ ಸುತ್ತೋಲೆ ಅದು. ಸರ್ಕಾರದ ಅಪ್ಪಣೆ ಇಲ್ಲದೆ ಸಾರ್ವಜನಿಕ ಸಭೆ ಕೂಡುವಂತಿರಲಿಲ್ಲ. ಕಟ್ಟಳೆ ಕೆಟ್ಟದ್ದೇ, ಖರೆ. ಆದರೆ ಅದಕ್ಕೊಂದು ನಂಬರ್ ಇತ್ತು. ಇದನ್ನು ರದ್ದು ಮಾಡಿ ಎಂದು ಬೆರಳಿಟ್ಟು ತೋರಿಸಲು ಮಂದಿಗೆ ಒಂದು ಕಾಗದವಾದರೂ ಇತ್ತು. ನಿಮ್ಮ ಮಗನನ್ನು ನಿಲ್ಲಿಸಿದ ನಾಕಾಬಂದಿಯ ನಿಶಾನ್ ಎಷ್ಟು? ಪಡಿತರದ ಐದು ಕೆಜಿ ಅಕ್ಕಿಗೆ ನಮ್ಮಿಂದ ಕಾರ್ಡು, ಆಧಾರ್, ಹೆಬ್ಬೆಟ್ಟು ಎಲ್ಲ ಕೇಳುವ ಸರ್ಕಾರ, ನಮ್ಮ ಫೋನಿನೊಳಗೆ ಬರುವಾಗ ಒಂದು ಹಾಳೆಯನ್ನಾದರೂ ತೋರಿಸಬೇಕಲ್ಲ. ನನ್ನ ಅನುಮಾನವೆಲ್ಲ ಆ ಹಾಳೆಯ ಸುತ್ತಲೇ ಇದೆ: ಯಾರು ಸಹಿ ಮಾಡಿದರು, ಎಷ್ಟು ದಿನಕ್ಕೆ, ಅದನ್ನು ಮತ್ತೆ ನೋಡಿದವರು ಯಾರು.

ಫೋನ್ ಕದ್ದಾಲಿಕೆಯನ್ನು ಇದೇ ಪ್ರಶ್ನೆಯಿಂದ ನೋಡಿ. 1885ರ ಟೆಲಿಗ್ರಾಫ್ ಕಾಯ್ದೆಯನ್ನು ಬ್ರಿಟಿಷರು ತಮ್ಮ ಅನುಕೂಲಕ್ಕೆ ಬರೆದುಕೊಂಡಿದ್ದರು. ಸ್ವಾತಂತ್ರ್ಯ ಬಂದ ಮೇಲೂ ಐವತ್ತು ವರ್ಷ, ಕದ್ದು ಕೇಳುವುದಕ್ಕೆ ಕ್ರಮವೇನೆಂದು ಯಾರೂ ನಿಯಮ ಬರೆಯಲಿಲ್ಲ. 1996ರ ಡಿಸೆಂಬರಿನಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾನೇ ಕ್ರಮ ಹಾಕಿಕೊಟ್ಟಿತು. ಸರ್ಕಾರ ಅದನ್ನು ನಿಯಮವಾಗಿಸಿದ್ದು 2007ರಲ್ಲಿ. ಈಗ ಆ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆಯ 20ನೇ ಕಲಂ ಮತ್ತು 2024ರ ಡಿಸೆಂಬರಿನ ನಿಯಮಗಳು ಬಂದಿವೆ. ಹೆಸರು ಹೊಸದು, ಅಡಿಪಾಯ ಹಳೆಯದೇ. ರಾಜ್ಯದಲ್ಲಾದರೆ ಗೃಹ ಕಾರ್ಯದರ್ಶಿ ಆದೇಶ ಹೊರಡಿಸಬೇಕು. ಒಂದು ಆದೇಶ 60 ದಿನ ನಡೆಯುತ್ತದೆ, ವಿಸ್ತರಿಸುತ್ತ ಹೋದರೂ 180 ದಿನ ದಾಟುವಂತಿಲ್ಲ. ಅದನ್ನು ಪರಿಶೀಲಿಸುವ ಸಮಿತಿಗೆ ಮುಖ್ಯ ಕಾರ್ಯದರ್ಶಿ ಅಧ್ಯಕ್ಷರು. ಕಾನೂನು ಕಾರ್ಯದರ್ಶಿ ಮತ್ತು ಇನ್ನೊಬ್ಬ ಕಾರ್ಯದರ್ಶಿ ಸದಸ್ಯರು.

ಈ ಪಟ್ಟಿಯಲ್ಲಿ ನ್ಯಾಯಾಧೀಶರು ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಆದೇಶ ಕೊಟ್ಟವರು ಸರ್ಕಾರಿ ಅಧಿಕಾರಿ, ತಪ್ಪು ಹುಡುಕಬೇಕಾದವರು ಅದೇ ವಿಧಾನಸೌಧದ ಅವರ ಸಹೋದ್ಯೋಗಿಗಳು. ಪರೀಕ್ಷೆ ಬರೆದ ಹುಡುಗನ ಪೇಪರನ್ನು ಅವನ ಬೆಂಚಿನ ಗೆಳೆಯನೇ ತಿದ್ದಿದ ಹಾಗೆ, ಇದು ನಿಮಗೆ ಬೇಗ ತಿಳಿಯುತ್ತದೆ. ಅವರಿಗೆ ತಿದ್ದಲು ಸಮಯವಾದರೂ ಎಲ್ಲಿದೆ? ಕೇಂದ್ರ ಸರ್ಕಾರವೊಂದೇ ತಿಂಗಳಿಗೆ 7,500ರಿಂದ 9,000 ಕದ್ದಾಲಿಕೆ ಆದೇಶ ಹೊರಡಿಸುತ್ತದೆ ಎಂದು ದಶಕದ ಹಿಂದೆ ಮಾಹಿತಿ ಹಕ್ಕಿನ ಅರ್ಜಿಯೊಂದರಿಂದ ಹೊರಬಂದಿತ್ತು. ಎರಡು ತಿಂಗಳಿಗೊಮ್ಮೆ ಕೂಡುವ ಸಮಿತಿಯ ಮುಂದೆ ಒಂದು ಸಭೆಗೆ 15,000ದಿಂದ 18,000 ಆದೇಶಗಳು ಬಂದು ಬೀಳುತ್ತವೆ. ಇದು ಆಗದ ಹೋಗದ ಕೆಲಸ ಎಂದು 2018ರಲ್ಲಿ ದತ್ತಾಂಶ ರಕ್ಷಣೆ ಕುರಿತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯೇ ಬರೆಯಿತು. ಆ ಸಮಿತಿಯನ್ನು ನೇಮಿಸಿದ್ದು ಸರ್ಕಾರವೇ. ಇನ್ನು ಫೋನ್ ಕದ್ದಾಲಿಕೆಗೆ ಒಳಗಾದ ಮನುಷ್ಯನಿಗೆ ಮುಂದೆಂದೂ ವಿಷಯ ತಿಳಿಸುವುದಿಲ್ಲ. ತನ್ನ ಮನೆಗೆ ಕನ್ನ ಹಾಕಿದ್ದೇ ಗೊತ್ತಿಲ್ಲದವನು ದೂರು ಕೊಡುವುದು ಎಲ್ಲಿಂದ?

ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಂ ಇನ್ನೂ ಸಡಿಲ. ಫೋನಿನ ಮಾತು ಕೇಳಲು ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಕಾರಣವಾದರೂ ಬೇಕು. ಕಂಪ್ಯೂಟರ್, ಇಮೇಲ್ ವಿಷಯದಲ್ಲಿ ‘ಯಾವುದೇ ಅಪರಾಧದ ತನಿಖೆ’ ಎಂದರೂ ಸಾಕು.

ಅಧಿಕಾರ ಯಾರ ಕೈಯಲ್ಲಿದ್ದರೆ ಒಳ್ಳೆಯದು ಎಂಬ ಚರ್ಚೆ ಇಲ್ಲಿಗೆ ಬೇಕಿಲ್ಲ. ಕಟ್ಟೆಯ ಮೇಲೆ ಕುಳಿತವರು ಇದನ್ನು ಪಕ್ಷದ ಜಗಳ ಮಾಡಿ ಮುಗಿಸಿಬಿಡುತ್ತಾರೆ. ರಾಮಕೃಷ್ಣ ಹೆಗಡೆಯವರಂಥ ಜನಪ್ರಿಯ ಮುಖ್ಯಮಂತ್ರಿ 1988ರ ಆಗಸ್ಟ್‌ನಲ್ಲಿ ಕುರ್ಚಿ ಬಿಟ್ಟಿಳಿದದ್ದು ಫೋನ್ ಕದ್ದಾಲಿಕೆಯ ಆರೋಪದಲ್ಲಿ. ಬೀದರ್‌ನಿಂದ ಮೂರು ತಾಸಿನ ದಾರಿಯ ಹೈದರಾಬಾದಿನಲ್ಲಿ, ಹಿಂದಿನ ಸರ್ಕಾರದ ಕಾಲದಲ್ಲಿ ವಿರೋಧಿಗಳ ಫೋನು ಕೇಳಿದರೆಂದು, ಚುನಾವಣೆ ಸೋತ ಬೆನ್ನಲ್ಲೇ ಹಾರ್ಡ್‌ಡಿಸ್ಕ್‌ಗಳನ್ನು ನಾಶ ಮಾಡಿದರೆಂದು ಆರೋಪ ಬಂದು, 2024ರ ಮಾರ್ಚ್‌ನಿಂದ ಪೊಲೀಸ್ ಅಧಿಕಾರಿಗಳೇ ಬಂಧನಕ್ಕೊಳಗಾದರು. ಫೋನಿನೊಳಗೆ ಗುಟ್ಟಾಗಿ ನುಸುಳುವ ಬೇಹುಗಾರಿಕೆ ತಂತ್ರಾಂಶ ಪೆಗಾಸಸ್ ವಿಷಯದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲುಸ್ತುವಾರಿಯಲ್ಲಿ ಸಮಿತಿ ಮಾಡಿತು. ಪರೀಕ್ಷಿಸಿದ 29 ಫೋನುಗಳ ಪೈಕಿ ಐದರಲ್ಲಿ ಕುತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂದು ಹೇಳಲಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ಹೇಳಿದ್ದನ್ನು 2022ರ ಆಗಸ್ಟ್‌ನಲ್ಲಿ ಕೋರ್ಟ್ ತೆರೆದ ಕಲಾಪದಲ್ಲೇ ತಿಳಿಸಿತು. ಇಷ್ಟರಲ್ಲಿ ಎಷ್ಟು ಪಕ್ಷಗಳು ಬಂದು ಹೋದವು, ನೀವೇ ಎಣಿಸಿ.

ಈಗ ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ‘ತಪ್ಪು ಮಾಡಿಲ್ಲಾಂದ್ರ’ ಎನ್ನುವಾಗ, ಯಾವುದು ತಪ್ಪೆಂದು ಮುಂದೆ ನಿರ್ಧರಿಸುವವರೂ ನಾವೇ ಎಂದುಕೊಂಡಿರುತ್ತೇವೆ. ಅದು ನಾವಲ್ಲ ಎಂಬುದು ಬೀದರಿನ ಮಕ್ಕಳಿಗೆ ಗೊತ್ತಿರಲಿಲ್ಲ. 2020ರ ಜನವರಿಯಲ್ಲಿ ಅಲ್ಲಿನ ಒಂದು ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕವಾಡಿದರು. ವಿಡಿಯೊ ಫೇಸ್‌ಬುಕ್‌ಗೆ ಹೋಯಿತು, ದೇಶದ್ರೋಹದ ಪ್ರಕರಣ ದಾಖಲಾಯಿತು. ಒಬ್ಬ ಶಿಕ್ಷಕಿ ಮತ್ತು ಒಂದು ಮಗುವಿನ ತಾಯಿ ಸುಮಾರು ಎರಡು ವಾರ ಜೈಲಿನಲ್ಲಿದ್ದರು. ಹತ್ತು ಹನ್ನೊಂದರ ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ಬಂದು ವಿಚಾರಿಸಿದರು. ಸಮವಸ್ತ್ರ ತೊಟ್ಟು, ಶಸ್ತ್ರ ಹಿಡಿದು ಮಕ್ಕಳನ್ನು ವಿಚಾರಿಸಿದ್ದು ಬಾಲನ್ಯಾಯ ಕಾನೂನಿಗೆ ವಿರುದ್ಧ ಎಂದು ಹೈಕೋರ್ಟ್ 2021ರಲ್ಲಿ ಅಭಿಪ್ರಾಯಪಟ್ಟಿತು. 2023ರ ಜೂನ್‌ನಲ್ಲಿ ಇದೇ ಕಲಬುರಗಿ ಪೀಠ ಶಾಲೆಯ ಆಡಳಿತದವರ ಮೇಲಿನ ಪ್ರಕರಣವನ್ನು ರದ್ದು ಮಾಡಿತು. ನಾಟಕದ ಮಾತು ನಿಮಗೆ ಹಿಡಿಸಬಹುದು, ಹಿಡಿಸದೇ ಇರಬಹುದು, ಅದು ಬೇರೆ. ಮೂರು ವರ್ಷದ ಮೇಲೆ ಬಂದ ತೀರ್ಪು ಆ ಎರಡು ವಾರವನ್ನು ವಾಪಸ್ ಕೊಡಲಿಲ್ಲ. ನೀವೂ ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸುವವರು. ಅಂದಿನಿಂದ ನಮ್ಮ ಭಾಗದ ಎಷ್ಟು ಶಾಲೆಗಳಲ್ಲಿ ನಾಟಕದ ವಿಷಯ ಹಣ್ಣು–ತರಕಾರಿ, ಸ್ವಚ್ಛತೆಗೆ ಇಳಿದಿದೆ ಎಂಬುದು ನಿಮಗೇ ಗೊತ್ತಿರಬೇಕು.

ಆಳಂದದ್ದು ಇನ್ನೊಂದು ಬಗೆ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಅಲ್ಲಿ 6,018 ಮತದಾರರ ಹೆಸರು ಅಳಿಸಬೇಕೆಂದು ಆನ್‌ಲೈನ್‌ನಲ್ಲಿ ಫಾರ್ಮ್ 7 ಅರ್ಜಿಗಳು ಬಂದವು. ಸ್ಥಳಕ್ಕೆ ಹೋಗಿ ನೋಡಿದರೆ ಸರಿ ಇದ್ದದ್ದು 24 ಮಾತ್ರ. ಉಳಿದ 5,994 ತಿರಸ್ಕಾರವಾದವು. ಅರ್ಜಿ ಹಾಕಿದವರೆಂದು ದಾಖಲೆಯಲ್ಲಿದ್ದ ಮತದಾರರನ್ನು ಕೇಳಿದರೆ, ‘ನಮಗೆ ಗೊತ್ತೇ ಇಲ್ರಿ’ ಎಂದರು. ಆ ವರ್ಷ ಫೆಬ್ರುವರಿಯಲ್ಲಿ ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು, 2025ರ ಸೆಪ್ಟೆಂಬರಿನಲ್ಲಿ ವಿಶೇಷ ತನಿಖಾ ತಂಡ ಬಂತು. ಮಾಡಿದವರಾರು ಎಂಬುದನ್ನು ತನಿಖೆ, ನ್ಯಾಯಾಲಯ ನೋಡಿಕೊಳ್ಳಲಿ. ನನಗೆ ಮುಖ್ಯ ಅನ್ನಿಸುವುದು ಬೇರೆ. ತನ್ನ ಪಾಡಿಗೆ ತೊಗರಿ ಒಕ್ಕುತ್ತಿದ್ದ ಮನುಷ್ಯ ಕಂಪ್ಯೂಟರಿನಲ್ಲಿ ನೆರೆಯವನ ಮತ ಅಳಿಸಲು ಹೊರಟವನಾಗಿ ಕುಳಿತಿದ್ದ. ದಾಖಲೆ ಹೇಳುತ್ತದೆ, ಆದ್ದರಿಂದ ಖರೆ ಎಂದು ನಂಬಿಬಿಟ್ಟಿದ್ದರೆ ಅವನ ಗತಿ? ಬಯಲಾದದ್ದು ಬಿಎಲ್‌ಒಗಳು, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಗಳು, ಪಟ್ಟಿ ಹಿಡಿದು ಬಾಗಿಲು ಬಡಿದದ್ದರಿಂದ. ಬಹುಪಾಲು ನಿಮ್ಮ ಹಾಗೆ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಮಾಡುವ ಕೆಲಸವದು.

ಯಂತ್ರದ ಕಣ್ಣು ಮೊದಲು ಬೀಳುವುದು ಬಡವರ ಮೇಲೆ ಎಂಬುದನ್ನು ಯಾದಗಿರಿಯವರಿಗೆ ನಾನು ಹೇಳಬೇಕಿಲ್ಲ. ಉದ್ಯೋಗ ಖಾತ್ರಿ ಕೂಲಿಗೆ 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಫೋಟೊ ಹಾಜರಿ ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದ ಕೆರೆಯಂಗಳದಲ್ಲಿ ಕೂಲಿ ಗುಂಪಿನ ಮುಂದಾಳು ‘ಕಾಯಕ ಬಂಧು’ ಮೊಬೈಲ್ ಎತ್ತಿ ಹಿಡಿದು ಗುಡ್ಡ ಹತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ. ಫೋಟೊ ಹೋಗದಿದ್ದರೆ ಆ ದಿನದ ಹಾಜರಿಯಿಲ್ಲ. ಕಳ್ಳತನ ನಿಂತಿತೇ? 2025ರಲ್ಲಿ ಯಾದಗಿರಿ ಜಿಲ್ಲೆಯದೇ ಒಂದು ಹಳ್ಳಿಯಲ್ಲಿ ಗಂಡಸರು ಸೀರೆ ಉಟ್ಟು, ಸೆರಗು ಹೊದ್ದು, ಹೆಣ್ಣಾಳುಗಳಾಗಿ ಫೋಟೊಕ್ಕೆ ನಿಂತದ್ದು ಸುದ್ದಿಯಾಯಿತು. ಅದೇ ವರ್ಷ ಜುಲೈನಲ್ಲಿ, ಫೋಟೊದ ಫೋಟೊ ತೆಗೆದು ಹಾಕುತ್ತಿದ್ದಾರೆಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆಯಲ್ಲಿ ಒಪ್ಪಿಕೊಂಡಿತು. ಕಳ್ಳನಿಗೆ ಒಂದು ಸೀರೆಯ ಖರ್ಚು, ಕೆಲಸ ಮಾಡಿದ ಹೆಣ್ಣುಮಗಳಿಗೆ ಕೂಲಿ ಹೋಯಿತು. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಹಚ್ಚಿದರು ಅಂತಾರಲ್ಲ, ಇಲ್ಲಿ ಮನೆ ಸುಟ್ಟಿತು, ಇಲಿ ಸೀರೆ ಉಟ್ಟು ಹೊರಟಿತು.

ಆ ಗಾದೆಯನ್ನೇ ನ್ಯಾಯಾಲಯ ‘ಪ್ರಮಾಣಬದ್ಧತೆ’ ಎಂದು ಕರೆಯುತ್ತದೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದಕ್ಕೆ ಕೈ ಹಾಕಬೇಕಾದರೆ ಕಾನೂನಿನ ಆಧಾರ ಬೇಕು, ಸಮಂಜಸ ಉದ್ದೇಶ ಬೇಕು, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಕೈ ಹಾಕಬೇಕು. ಆಧಾರ್ ವಿರುದ್ಧ 2012ರಲ್ಲಿ ಆ ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ಅವರ ವಯಸ್ಸು 86. ಸರ್ಕಾರವನ್ನು ಅನುಮಾನಿಸುವುದು ತಪ್ಪೇ ಎಂದು ಕೇಳಿದಿರಲ್ಲ. ಬದುಕೆಲ್ಲ ಅದೇ ವ್ಯವಸ್ಥೆಯೊಳಗೆ ಕೆಲಸ ಮಾಡಿದ ನ್ಯಾಯಮೂರ್ತಿ ನಿವೃತ್ತಿಯ ಮೇಲೆ ಅನುಮಾನಿಸಿದ್ದರಿಂದ ನಮಗೆಲ್ಲ ಒಂದು ಹಕ್ಕು ಸಿಕ್ಕಿತು.

ಹೊಸ ಕಾಯ್ದೆಗಳ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ಒಂದೊಂದಕ್ಕೂ ಒಂದೊಂದು ಪತ್ರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಕಂಪನಿಗಳಿಗೆ ಕಡಿವಾಣ ಹಾಕುತ್ತದೆ, ಒಳ್ಳೆಯದೇ. ಆದರೆ ಕೇಂದ್ರ ಸರ್ಕಾರ ತಾನು ಹೆಸರಿಸಿದ ಸಂಸ್ಥೆಗಳನ್ನು ಅದರಿಂದ ಪೂರ್ತಿ ಹೊರಗಿಡಬಹುದು. ಜೊತೆಗೆ ಅದು ಮಾಹಿತಿ ಹಕ್ಕು ಕಾಯ್ದೆಯನ್ನೂ ತಿದ್ದಿ, ‘ವೈಯಕ್ತಿಕ ಮಾಹಿತಿ’ ಎಂದು ಅರ್ಜಿ ತಿರಸ್ಕರಿಸುವ ದಾರಿಯನ್ನು ಅಗಲ ಮಾಡಿತು. ರಾಜ್ಯದಲ್ಲಿ 2025ರ ಜೂನ್‌ನಲ್ಲಿ ಹೊರಬಿದ್ದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗೆ ಜೈಲು ಬರೆದಿದ್ದರು. ಸುಳ್ಳು ಯಾವುದೆಂದು ಹೇಳುವ ಪ್ರಾಧಿಕಾರಕ್ಕೆ ಮಂತ್ರಿಗಳೇ ಅಧ್ಯಕ್ಷರಂತೆ! ಇನ್ನು ಆನ್‌ಲೈನ್‌ನಲ್ಲಿ ‘ಆಕ್ಷೇಪಾರ್ಹ’ ಸಂದೇಶ ಹಾಕಿದವರನ್ನು ಜೈಲಿಗೆ ಕಳಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ. ಸುಪ್ರೀಂ ಕೋರ್ಟ್ ಅದನ್ನು 2015ರಲ್ಲೇ ರದ್ದು ಮಾಡಿತ್ತು. ಆದರೂ ವರ್ಷಗಟ್ಟಲೆ ಠಾಣೆಗಳಲ್ಲಿ ಅದೇ ಕಲಂ ಹಾಕಿ ಪ್ರಕರಣ ದಾಖಲಿಸುತ್ತಿದ್ದರು. ಕೊಟ್ಟ ಅಧಿಕಾರ ತಾನಾಗಿ ವಾಪಸ್ ಬರುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಯಾಕೆ?

ಪ್ರಶ್ನೆ ಕೇಳಿದರೆ ಏನೂ ಆಗುವುದಿಲ್ಲ ಎಂಬುದೂ ಸುಳ್ಳು. ಪ್ರತಿ ಹೊಸ ಫೋನಿನಲ್ಲೂ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಇರಲೇಬೇಕೆಂದು 2025ರ ನವೆಂಬರ್ ಕೊನೆಗೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಕೊಟ್ಟಿತು. ದೇಶದಲ್ಲೆಲ್ಲ ಗದ್ದಲ ಎದ್ದು, ಡಿಸೆಂಬರ್ 3ಕ್ಕೆ ಕಡ್ಡಾಯ ಎಂಬುದನ್ನು ಕೈಬಿಟ್ಟರು. ಕಳೆದ ಮೊಬೈಲ್ ಹುಡುಕಲು ಆ ಆ್ಯಪ್ ಉಪಯೋಗಕ್ಕೆ ಬರುತ್ತದೆ, ಬೇಕಾದವರು ಹಾಕಿಕೊಳ್ಳಲಿ.

ನಾನು ಪೊಲೀಸರ ಶತ್ರುವಲ್ಲ. ನಮ್ಮ ಓಣಿಯ ಹುಡುಗಿಯೊಬ್ಬಳು ಕಾಣೆಯಾದಾಗ, ಕರೆ ವಿವರ (ಸಿಡಿಆರ್) ತೆಗೆಸಿ ಎರಡೇ ದಿನದಲ್ಲಿ ಸೊಲ್ಲಾಪುರದಲ್ಲಿ ಪತ್ತೆ ಹಚ್ಚಿ ಕರೆತಂದವರು ಅವರೇ. ಅಂದು ಸಿಡಿಆರ್ ಬೇಡ, ಖಾಸಗಿತನ ದೊಡ್ಡದು ಎಂದು ನಾನೇನೂ ವಾದಿಸಲಿಲ್ಲ, ಇನ್ನೂ ಬೇಗ ತೆಗೆಸಿ ಎಂದು ಠಾಣೆಯಲ್ಲಿ ಕುಳಿತಿದ್ದೆ. ಅಲ್ಲಿ ದೂರು ಇತ್ತು, ಅಪರಾಧ ಸಂಖ್ಯೆ ಇತ್ತು, ಪತ್ರಕ್ಕೆ ಸಹಿ ಹಾಕಿದ ಅಧಿಕಾರಿ ಇದ್ದರು. ನಾಳೆ ಕೋರ್ಟ್ ಕೇಳಿದರೆ ಅವರು ಉತ್ತರ ಕೊಡಬೇಕಿತ್ತು.

ಮಗನಿಗೆ ಎರಡು ಮಾತು ಹೇಳಿ. ಬೆರಳಚ್ಚಿನ ಲಾಕ್ ತೆಗೆದು ಉದ್ದದ ಪಿನ್ ಇಟ್ಟುಕೊಳ್ಳಲಿ. ಬೆರಳನ್ನು ಹಿಡಿದು ಒತ್ತಿಸಬಹುದು, ತಲೆಯೊಳಗಿನ ಅಂಕಿಯನ್ನು ಹಾಗೆ ತೆಗೆಯಲಾಗದು. ಮತ್ತೆ ಯಾರಾದರೂ ಫೋನ್ ಕೇಳಿದರೆ ಜಗಳ ಬೇಡ, ಓಡಬಾರದು, ರಾತ್ರಿಯಲ್ಲಿ ಕಾನೂನಿನ ಪಾಠವಂತೂ ಬೇಡವೇ ಬೇಡ. ‘ಸರ್, ಯಾವ ಪ್ರಕರಣ? ನೋಟಿಸ್ ಕೊಡ್ರಿ, ನಾಳೆ ಠಾಣೆಗೆ ಬರ್ತೀನಿ’ ಎಂದು ಮೆಲ್ಲಗೆ ಕೇಳಲಿ. ಒತ್ತಾಯ ಮಾಡಿದರೆ ಸಮಯ, ಜಾಗ, ಎದೆಯ ಮೇಲಿನ ನಾಮಫಲಕ ನೆನಪಿಟ್ಟುಕೊಂಡು ಮನೆಗೆ ಬರಲಿ. ಮರುದಿನ ಹಿರಿಯ ಅಧಿಕಾರಿಗಳಿಗೆ ಬರೆದು ದೂರು ಕೊಡಬಹುದು, ಸ್ವೀಕೃತಿ ಪಡೆಯುವುದನ್ನು ಮರೆಯಬಾರದು.

ಆಗಿಹೋದ ರಾತ್ರಿಯ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಮೂರೇ ಸಂಗತಿ ಕೇಳಿ: ಆ ನಾಕಾಬಂದಿಗೆ ಕೊಟ್ಟ ಆದೇಶದ ಪ್ರತಿ, ಸಾರ್ವಜನಿಕರ ಮೊಬೈಲ್ ಪರಿಶೀಲಿಸಲು ಲಿಖಿತ ಸೂಚನೆಯಿದ್ದರೆ ಅದರ ಪ್ರತಿ, ಆ ರಾತ್ರಿ ಎಷ್ಟು ಮೊಬೈಲ್ ನೋಡಿದರೆಂಬ ದಾಖಲೆಯ ಪ್ರತಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಮೂವತ್ತು ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು, ನನ್ನ ಹಾಗೆ ಉದ್ದಕ್ಕೆ ಬರೆದರೆ ವಾಪಸ್ ಕಳಿಸುತ್ತಾರೆ. ನೀವು ನೌಕರಿಯಲ್ಲಿದ್ದೀರಿ, ಅಳುಕು ಇರುವುದು ಸಹಜ. ಅರ್ಜಿಯನ್ನು ನಿಮ್ಮ ಮನೆಯವರ ಹೆಸರಿನಲ್ಲೇ ಹಾಕಿಸಿ. ಅವರೇನೂ ತಪ್ಪು ಮಾಡಿಲ್ಲವಲ್ಲ, ಸಹಿ ಮಾಡಲು ಅಂಜಿಕಿ ಯಾಕ?